ಮೈನೆರೆಯದ ಹುಡುಗಿಯ ವಿಷಯವಾಗಿ ಒಂದು ಪಾಠ

ನಮ್ಮ ಪಾಠಶಾಲೆಯ ಸ್ಮರಣ ಸಂಚಿಕೆಯನ್ನು ಕೈಗೆ ತೆಗೆದುಕೊಳ್ಳುವ ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ಅದರಲ್ಲಿ ಬಹುಮಾನಗಳ ಪಟ್ಟಿಯನ್ನೂ, ಹೊಲಿಗೆಯ ಪ್ರದರ್ಶನದ ವರದಿಯನ್ನೂ, ಅಗಲಿಹೋದ ಉಪಾಧ್ಯಾಯಿನಿಯರ ಸ್ಮರಣೆಯನ್ನೂ ನಿರೀಕ್ಷಿಸುವುದು ಸಹಜವಾಗಿದೆ. ಅವುಗಳ ನಡುವೆ ಮುಖ್ಯೋಪಾಧ್ಯಾಯಿನಿಯು ಶರೀರಶಾಸ್ತ್ರದ ಪಾಠವೊಂದನ್ನು ತಂದಿಟ್ಟರೆ ಕೆಲವರಿಗೆ ಸಂಕೋಚವಾದೀತು. ನಾನು ಹುಡುಗಿಯಾಗಿದ್ದ ಕಾಲದಲ್ಲಿ ಈ ಅಧ್ಯಾಯವು ಬಂದಾಗ, "ಇದನ್ನು ಮನೆಯಲ್ಲಿ ಓದಿಕೊಳ್ಳಿರಿ" ಎಂದು ಹೇಳಿ ಪುಟಗಳನ್ನು ಮಗುಚಿಬಿಡುವುದು ರೂಢಿಯಾಗಿತ್ತು. ಮನೆಯಲ್ಲಿ ಯಾರೂ ಓದಲಿಲ್ಲವೆಂಬುದನ್ನು ಬೇರೆ ಹೇಳಬೇಕಾದುದಿಲ್ಲ. ಹಾಗೆ ಮಗುಚಲ್ಪಟ್ಟ ಪುಟಗಳಿಂದ ಆದ ನಷ್ಟವನ್ನು ನಾನು ಒಬ್ಬ ಹುಡುಗಿಯಲ್ಲಿ ಕಣ್ಣಾರೆ ಕಂಡಿರುವೆನಾದುದರಿಂದ, ವಾಚಕರ ಕ್ಷಮೆಯನ್ನು ಮೊದಲೇ ಬೇಡಿಕೊಂಡು ವಿಷಯಕ್ಕೆ ಬರುತ್ತೇನೆ.

ಸುಮಾರು ೧೮ ವರ್ಷಗಳ ಹಿಂದೆ, ನಾನಿನ್ನೂ ತರಗತಿಯ ಉಪಾಧ್ಯಾಯಿನಿಯಾಗಿದ್ದಾಗ, ಹೊಳೆನರಸೀಪುರದ ಕಡೆಯ ಹಳ್ಳಿಯೊಂದರಿಂದ ಬಂದ ಹುಡುಗಿಯೊಬ್ಬಳು ಒಂಬತ್ತನೆಯ ತರಗತಿಯಲ್ಲಿದ್ದಳು. ಬಹಳ ಗಿಡ್ಡ, ಫೋಟೋ ತೆಗೆಯುವ ದಿವಸ ಅವಳನ್ನು ಯಾರೂ ಹೇಳದೆಯೇ ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದರು. ಪದ್ಯಗಳನ್ನು ಒಂದಕ್ಷರ ತಪ್ಪದೆ ಒಪ್ಪಿಸುವಳು. ಆದರೆ ಭೂಗೋಳದ ನಕಾಶೆಯಾಗಲಿ ರೇಖಾಗಣಿತದ ಆಕೃತಿಯಾಗಲಿ ಅವಳ ಕೈಗೆ ಹತ್ತುತ್ತಿರಲಿಲ್ಲ. ಮೇಲಿಂದ ಮೇಲೆ ಕಿವಿ ಸೋರುತ್ತಿತ್ತು. ಅವಳ ಜೊತೆಯವರೆಲ್ಲರೂ ದೊಡ್ಡವರಾದರು. ಒಬ್ಬೊಬ್ಬರ ಮನೆಯಲ್ಲಿಯೂ ಹಸಿರು ಗುಡ್ಲು ಹಾಕಿ, ಆರತಿ ಬೆಳಗಿ, ಎಳ್ಳುಬೆಲ್ಲದ ಚಿಗಳಿಯನ್ನು ತಿನ್ನಿಸಿ ಒಸಗೆ ಮಾಡಿದರು. ಇವಳು ಎಲ್ಲರ ಒಸಗೆಗೂ ಹೋಗಿ ಬಂದಳು. ಇವಳ ಮನೆಯಲ್ಲಿ ಒಸಗೆಯಾಗಲಿಲ್ಲ. "ಅವರ ವಂಶವೇ ಗಿಡ್ಡ; ಕೆಲವರಿಗೆ ನಿಧಾನವಾಗುತ್ತದೆ" ಎಂದು ಉಪಾಧ್ಯಾಯಿನಿಯರ ಕೊಠಡಿಯಲ್ಲಿ ಹೇಳಿದವರಲ್ಲಿ ನಾನೂ ಒಬ್ಬಳು. ವಿಜ್ಞಾನವನ್ನು ಬೋಧಿಸುವವಳಾಗಿದ್ದೂ ನನಗೆ ಅದಕ್ಕಿಂತ ಹೆಚ್ಚಿನ ಯೋಚನೆಯು ಬರಲಿಲ್ಲ.

ಏಳು ವರ್ಷಗಳು ಕಳೆದ ಮೇಲೆ ಅವಳ ತಾಯಿಯು ಹುಟ್ಟಿದ ತಾರೀಖಿನ ದಾಖಲೆಗಾಗಿ ಬಂದವರು, ಗುಮಾಸ್ತೆಯು ಹೊರಗೆ ಹೋಗುವವರೆಗೆ ಕಾದಿದ್ದು, ಮಗಳು ಇನ್ನೂ ಮೈನೆರೆದಿಲ್ಲವೆಂದೂ, ಹರಕೆಗಳೆಲ್ಲವೂ ಮುಗಿದುವೆಂದೂ, ಗಂಡು ಗೊತ್ತುಮಾಡುವ ಕಾಲವು ಬಂದಿರುವುದರಿಂದ ದಿಕ್ಕು ತೋಚದಾಗಿದೆಯೆಂದೂ ತಗ್ಗಿದ ಸ್ವರದಲ್ಲಿ ಹೇಳಿದರು. ಅದೇ ವರ್ಷ ಆ ಹುಡುಗಿಯು ಬಚ್ಚಲ ಕಲ್ಲಿನ ಮೇಲೆ ಜಾರಿ, ಬೀಳುವಾಗ ಊರಿದ ಕೈಯ ಮಣಿಕಟ್ಟನ್ನು ಮುರಿದುಕೊಂಡಳು. ಅಷ್ಟು ಸಣ್ಣ ಪೆಟ್ಟಿಗೆ ಇಪ್ಪತ್ತೊಂದರ ವಯಸ್ಸಿನ ಮೂಳೆಯು ಮುರಿಯಬಾರದೆಂದು ಎಲುಬಿನ ವೈದ್ಯರಿಗೆ ತೋರಿದುದರಿಂದ ಅವರು ಮುಟ್ಟಿನ ವಿಷಯವನ್ನು ವಿಚಾರಿಸಿದರು. ಅಲ್ಲಿಂದ ಮುಂದೆ ಪರೀಕ್ಷೆಗಳಾದುವು. ಹುಟ್ಟಿನಿಂದಲೇ ಅವಳ ಅಂಡಾಶಯಗಳು ಕೆಲಸ ಮಾಡುತ್ತಿರಲಿಲ್ಲ. ಹತ್ತು ವರ್ಷ ಮೊದಲೇ ಆರಂಭಿಸಬೇಕಾಗಿದ್ದ ಔಷಧವನ್ನು ಆಗ ಆರಂಭಿಸಿದರು. ಇದನ್ನು ಬರೆಯುವುದಕ್ಕೆ ಅವಳೇ ನನಗೆ ಒಪ್ಪಿಗೆ ಕೊಟ್ಟಿದ್ದಾಳೆ. ಹೆಸರನ್ನು ಮಾತ್ರ ಬೇಡವೆಂದಿದ್ದಾಳೆ.

ಇನ್ನು ಪಾಠಕ್ಕೆ ಬರೋಣ. ಸ್ತ್ರೀಯ ಕಿಬ್ಬೊಟ್ಟೆಯಲ್ಲಿ ಗರ್ಭಕೋಶದ ಎರಡು ಪಕ್ಕಗಳಲ್ಲಿ ಬಾದಾಮಿಯಾಕಾರದ ಎರಡು ಅಂಡಾಶಯಗಳಿರುವುವು. ಅವುಗಳ ಕೆಲಸವು ಎರಡು ತೆರನಾದುದು: ಅಂಡಗಳನ್ನು ಪಕ್ವಗೊಳಿಸುವುದೊಂದು, ಈಸ್ಟ್ರೋಜನ್ ಎಂಬ ಗ್ರಂಥಿರಸವನ್ನು ರಕ್ತಕ್ಕೆ ಬಿಡುವುದು ಇನ್ನೊಂದು. ಈ ರಸವಿರುವುದನ್ನು ೧೯೨೩ರಲ್ಲಿ ಅಮೆರಿಕದ ಅಲೆನ್ ಮತ್ತು ಡಾಯ್ಸಿ ಎಂಬವರು ಹಂದಿಯ ಅಂಡಾಶಯಗಳಿಂದ ತೆಗೆದ ದ್ರವದ ಮೂಲಕ ತೋರಿಸಿಕೊಟ್ಟರು. ೧೯೨೯ರಲ್ಲಿ ಡಾಯ್ಸಿಯವರೂ ಜರ್ಮನಿಯ ಬ್ಯೂಟೆನಾಂಟ್ ಎಂಬವರೂ ಬೇರೆ ಬೇರೆಯಾಗಿ ಅದರ ಒಂದು ಬಗೆಯನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯು ಅಂಡಾಶಯಗಳಿಗೆ ಉಪಾಧ್ಯಾಯಿನಿಯಿದ್ದ ಹಾಗೆ. ಅದು ಎಫ್.ಎಸ್.ಎಚ್. ಎಂಬ ರಸದ ಮೂಲಕ ಅವುಗಳನ್ನು ಕರೆಯುವುದು. ಅವು ಈಸ್ಟ್ರೋಜನ್ನಿನ ಮೂಲಕ ಉತ್ತರ ಕೊಡುವುವು. ಹಾಜರಿ ಕೂಗುವಾಗ ಹುಡುಗಿಯು ಉತ್ತರ ಕೊಡದಿದ್ದರೆ ನಾವು ಸ್ವರವನ್ನು ಏರಿಸುವುದಿಲ್ಲವೇ? ಅಂಡಾಶಯಗಳು ಸೋತುಹೋದಾಗ ಪಿಟ್ಯುಟರಿಯೂ ಹಾಗೆಯೇ ಗಟ್ಟಿಯಾಗಿ ಕೂಗತೊಡಗುವುದು, ರಕ್ತದಲ್ಲಿ ಎಫ್.ಎಸ್.ಎಚ್. ಬಹಳ ಏರುವುದು. ಕಾಯಿಲೆಯನ್ನು ಕಂಡುಹಿಡಿಯುವ ಕೀಲಿಕೈಯು ಇದೇ.

ನಮ್ಮ ತಾಯಂದಿರು ಈಸ್ಟ್ರೋಜನ್ನನ್ನು ಮುಟ್ಟು ತರುವ ರಸವೆಂದು ಮಾತ್ರ ತಿಳಿದಿರುವರು. ಮುಟ್ಟು ಅದರ ಕೆಲಸಗಳಲ್ಲಿ ಒಂದು ಮಾತ್ರ. ಅತ್ಯಂತ ಮುಖ್ಯವಾದುದೂ ಅಲ್ಲ. ಸ್ತನಗಳ ಬೆಳವಣಿಗೆ, ಗರ್ಭಕೋಶವು ಮಗುವಿನ ಅಳತೆಯಿಂದ ಹೆಂಗಸಿನ ಅಳತೆಗೆ ಬರುವುದು, ರಕ್ತನಾಳಗಳು ಮೃದುವಾಗಿರುವುದು, ನಿದ್ರೆ ಮತ್ತು ಮನಸ್ಸಿನ ನೆಮ್ಮದಿ, ಇವೆಲ್ಲವೂ ಅದನ್ನು ಆಶ್ರಯಿಸಿವೆ. ಎಲ್ಲಕ್ಕಿಂತಲೂ ಮಿಗಿಲಾಗಿ ಮೂಳೆ. ಮನುಷ್ಯನ ಮೂಳೆಯ ಬಂಡವಾಳದ ಬಹುಭಾಗವು ಇಪ್ಪತ್ತರ ವಯಸ್ಸಿನ ಹೊತ್ತಿಗೆ ಜಮೆಯಾಗಿಬಿಡುವುದು. ಮುಂದೆ ಜೀವಮಾನವೆಲ್ಲ ಅದರಿಂದ ಖರ್ಚು. ಜಮೆಯಾಗುವ ಆ ವರ್ಷಗಳಲ್ಲಿ ಈಸ್ಟ್ರೋಜನ್ ಇಲ್ಲದೆ ಹೋದರೆ ಆಮೇಲೆ ಎಷ್ಟು ಔಷಧ ಕೊಟ್ಟರೂ ಪೂರ್ತಿಯಾಗಿ ತುಂಬಿಸಿಕೊಳ್ಳುವುದು ಕಷ್ಟ. ಹನ್ನೆರಡರ ವಯಸ್ಸಿನಲ್ಲಿ ಆರಂಭಿಸುವುದಕ್ಕೂ ಇಪ್ಪತ್ತೆರಡರಲ್ಲಿ ಆರಂಭಿಸುವುದಕ್ಕೂ ಇರುವ ವ್ಯತ್ಯಾಸವು ಇದರಲ್ಲಿದೆ.

ಚಿಕ್ಕ ಹುಡುಗಿಯರಲ್ಲಿ ಅಂಡಾಶಯಗಳು ಸೋಲುವುದಕ್ಕೆ ಎಲ್ಲಕ್ಕಿಂತ ಸಾಮಾನ್ಯವಾದ ಕಾರಣವು ಟರ್ನರ್ ಲಕ್ಷಣಕೂಟವೆಂಬುದು. ಹೆನ್ರಿ ಟರ್ನರ್ ಎಂಬ ಅಮೆರಿಕದ ವೈದ್ಯರು ೧೯೩೮ರಲ್ಲಿ ಇದನ್ನು ವರ್ಣಿಸಿದರು. ಹೆಣ್ಣಿಗೆ ಇರಬೇಕಾದ ಎರಡು ಎಕ್ಸ್ ವರ್ಣತಂತುಗಳಲ್ಲಿ ಒಂದು ಇಲ್ಲದಿರುವುದೇ ಇದರ ಮೂಲವೆಂದು ೧೯೫೯ರಲ್ಲಿ ತಿಳಿಯಿತು. ಹುಟ್ಟುವ ಹೆಣ್ಣುಮಕ್ಕಳಲ್ಲಿ ಸುಮಾರು ೨,೦೦೦ದಿಂದ ೨,೫೦೦ಕ್ಕೆ ಒಬ್ಬಳಿಗೆ ಇದಿರುವುದು. ಹಾಸನ ಜಿಲ್ಲೆಯ ಎಂಟು ತಾಲ್ಲೂಕುಗಳ ಶಾಲೆಗಳಲ್ಲಿ ಇಂಥ ಹುಡುಗಿಯರು ಬೆಂಚುಗಳ ಮೇಲೆ ಕೂತಿದ್ದಾರೆಂಬುದರಲ್ಲಿ ಸಂದೇಹವಿಲ್ಲ. ಗಿಡ್ಡ ದೇಹ, ಅಗಲವಾದ ಕುತ್ತಿಗೆ, ಬೆನ್ನ ಕಡೆಗೆ ಕೆಳಗಿಳಿದ ಕೂದಲಂಚು, ಹುಟ್ಟಿದಾಗ ಊದಿದ್ದ ಕೈಕಾಲುಗಳು, ಪದೇ ಪದೇ ಬರುವ ಕಿವಿಯ ಸೋಂಕು ಇದರ ಗುರುತುಗಳು. ಕೆಲವರಲ್ಲಿ ಗಿಡ್ಡತನದ ಹೊರತು ಬೇರೆ ಯಾವ ಗುರುತೂ ಕಾಣದು. ಬುದ್ಧಿಯು ಸಾಮಾನ್ಯವಾಗಿ ಎಲ್ಲರ ಹಾಗೆಯೇ ಇರುವುದು. ಮಾತು ಓದುಗಳು ಚೆನ್ನಾಗಿದ್ದು ನಕಾಶೆ, ಆಕೃತಿ, ಲೆಕ್ಕಗಳಲ್ಲಿ ಮಾತ್ರ ತೊಡಕು ಕಾಣುವುದುಂಟು. ಇದನ್ನು ಮೊದಲ ಸಲ ಓದಿದ ದಿವಸ ನನ್ನ ಆ ವಿದ್ಯಾರ್ಥಿನಿಯ ಭೂಗೋಳದ ನೋಟ್‌ಪುಸ್ತಕದಲ್ಲಿ ನಾನು ಕೆಂಪು ಮಸಿಯಿಂದ ಬರೆದಿದ್ದ ಮಾತುಗಳು ನೆನಪಾದುವು.

ಎರಡನೆಯ ಕಾರಣವು ಈಚಿನ ಕಾಲದ್ದು. ಬೆಂಗಳೂರಿನಲ್ಲಿ ೧೯೭೩ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯಂಥ ಆಸ್ಪತ್ರೆಗಳಲ್ಲಿ ಕ್ಯಾನ್ಸರಿನಿಂದ ಗುಣಹೊಂದಿ ಊರಿಗೆ ಹಿಂದಿರುಗುವ ಮಕ್ಕಳು ಈಗ ಅನೇಕರಿದ್ದಾರೆ. ಜೀವವನ್ನು ಉಳಿಸಿದ ಸೈಕ್ಲೋಫಾಸ್ಫಮೈಡ್ ಮೊದಲಾದ ಔಷಧಗಳೂ ಕಿಬ್ಬೊಟ್ಟೆಗೆ ಕೊಟ್ಟ ಕಿರಣ ಚಿಕಿತ್ಸೆಯೂ ಕೆಲವರಲ್ಲಿ ಅಂಡಾಶಯಗಳನ್ನು ಸುಟ್ಟುಬಿಡುವುವು. ಮಗು ಉಳಿಯಿತೆಂಬ ಸಂತೋಷದಲ್ಲಿ ಮನೆಯವರು ಮುಂದಿನದನ್ನು ವಿಚಾರಿಸುವುದಿಲ್ಲ. ಅದು ಕ್ಷಮಿಸತಕ್ಕ ಮರೆವೇ ಸರಿ, ಆದರೂ ವಿಚಾರಿಸಬೇಕು. ಇನ್ನು ಕೆಲವರಲ್ಲಿ ದೇಹವು ತನ್ನ ಅಂಡಾಶಯವನ್ನು ತಾನೇ ಶತ್ರುವೆಂದು ಭಾವಿಸಿ ಹಾಳುಮಾಡಿಕೊಳ್ಳುವುದು. ಎಷ್ಟು ಹುಡುಕಿದರೂ ಕಾರಣ ತಿಳಿಯದವರೂ ಉಂಟು. ಹೆತ್ತವರ ತಪ್ಪಿನಿಂದಲೋ, ಗ್ರಹಣದ ನೆರಳಿನಿಂದಲೋ, ಹುಡುಗಿಯು ಸೈಕಲ್ ತುಳಿದುದರಿಂದಲೋ ಇದು ಬರುವುದಿಲ್ಲ.

ವೈದ್ಯರನ್ನು ಯಾವಾಗ ಕಾಣತಕ್ಕದ್ದೆಂಬುದಕ್ಕೆ ಲೆಕ್ಕವು ಸುಲಭವಾಗಿದೆ. ೧೩ ವರ್ಷ ತುಂಬಿದರೂ ಎದೆಯ ಬೆಳವಣಿಗೆಯು ಆರಂಭವಾಗದಿದ್ದರೆ. ೧೫ ತುಂಬಿದರೂ ಮುಟ್ಟಾಗದಿದ್ದರೆ. ಸರಿಯಾಗಿ ಬರುತ್ತಿದ್ದ ಮುಟ್ಟು ಮೂರು ತಿಂಗಳಿಗೆ ಮೀರಿ ನಿಂತಿದ್ದರೆ. ಗಿಡ್ಡಾಗಿರುವ ಹುಡುಗಿಯ ವಿಷಯದಲ್ಲಿ ಇಷ್ಟು ದಿನ ಕಾಯಬೇಕಾದುದೂ ಇಲ್ಲ. ತಡವಾದವರೆಲ್ಲರ ಅಂಡಾಶಯಗಳೂ ಸೋತಿರುವುವೆಂದು ಯಾರೂ ಹೆದರಬಾರದು. ಕೆಲವು ಮನೆತನಗಳಲ್ಲಿ ನಿಜವಾಗಿಯೂ ನಿಧಾನ. ಕೆಲವರಿಗೆ ಪುಷ್ಟಿಯು ಸಾಲದು. ಕೆಲವರಿಗೆ ಥೈರಾಯ್ಡ್ ದೋಷ. ಅಪರೂಪವಾಗಿ ಅಂಡಾಶಯಗಳು ಸರಿಯಾಗಿದ್ದು ಗರ್ಭಕೋಶವೇ ಇಲ್ಲದಿರುವುದುಂಟು, ಅಂಥವರಿಗೆ ಈಸ್ಟ್ರೋಜನ್ ಬೇಕಾಗಿಯೇ ಇಲ್ಲ. ಆದುದರಿಂದಲೇ ಮೊದಲು ಪರೀಕ್ಷೆ, ಆಮೇಲೆ ಔಷಧ. ರಕ್ತದಲ್ಲಿ ಎಫ್.ಎಸ್.ಎಚ್. ೨೫ ಅಂಕಕ್ಕೆ ಮೀರಿದ್ದರೆ ಅಂಡಾಶಯದ ವೈಫಲ್ಯವನ್ನು ಶಂಕಿಸುವರು. ಸಂದೇಹವಿದ್ದಲ್ಲಿ ನಾಲ್ಕು ವಾರಗಳ ಅನಂತರ ಮತ್ತೊಮ್ಮೆ ನೋಡುವರು. ಅಲ್ಟ್ರಾಸೌಂಡ್ ಮಾಡುವರು, ವರ್ಣತಂತುಗಳ ಪರೀಕ್ಷೆಗಾಗಿ ರಕ್ತವನ್ನು ಕಳುಹಿಸುವರು. ಈ ಕೊನೆಯ ಪರೀಕ್ಷೆಯನ್ನು ಖರ್ಚಿಗೆ ಅಂಜಿ ಬಿಡಬಾರದು. ಕೆಲವರಲ್ಲಿ ವೈ ವರ್ಣತಂತುವಿನ ಅಂಶವಿದ್ದು ಅಂಡಾಶಯದ ಸ್ಥಾನದಲ್ಲಿ ಗಡ್ಡೆಯಾಗುವ ಭಯವಿರುವುದರಿಂದ, ಆಗ ಮಾಡತಕ್ಕ ಶಸ್ತ್ರಕ್ರಿಯೆಯನ್ನು ಅದೇ ನಿರ್ಣಯಿಸುವುದು.

ಇದಕ್ಕಾಗಿ ಮೊದಲಿನ ಹಾಗೆ ದೂರ ಅಲೆಯಬೇಕಾಗಿಲ್ಲ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಗಳು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುವುವು. ಅವರು ವಿಚಾರಿಸತಕ್ಕ ವಿಷಯಗಳಲ್ಲಿ ಮುಟ್ಟಿನ ತಡವೂ ಸೇರಿದೆ. ನಾಚಿಕೆಯಿಂದ ತಲೆ ತಗ್ಗಿಸಿ "ಏನೂ ಇಲ್ಲ" ಎನ್ನುವುದೇ ನಮ್ಮ ಹುಡುಗಿಯರ ಉತ್ತರ; ತಾಯಿಯು ಮುಂಚಿತವಾಗಿ ಒಂದು ಚೀಟಿ ಬರೆದು ಕಳುಹಿಸಿದರೆ ಸಾಕು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸರ್ಕಾರಿ ಆಸ್ಪತ್ರೆಗಳಿಂದ ಹಾಸನಕ್ಕೆ ಕಳುಹಿಸಿಕೊಡುವರು. ಹಾಸನದಲ್ಲಿ ೨೦೦೬ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ಗ್ರಂಥಿರಸಗಳ ವಿಶೇಷ ತಜ್ಞರನ್ನು ಕಾಣಬೇಕಾದಲ್ಲಿ ಬೆಂಗಳೂರು ಅಥವಾ ಮೈಸೂರು. ೨೦೧೭ರಲ್ಲಿ ಶ್ರವಣಬೆಳಗೊಳದ ಮಾರ್ಗವಾಗಿ ರೈಲು ಬಂದಮೇಲೆ ಚನ್ನರಾಯಪಟ್ಟಣದವರಿಗೂ ಹಾಸನದವರಿಗೂ ಬೆಂಗಳೂರಿನ ಪ್ರಯಾಣವು ಸುಲಭವಾಗಿದೆ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ಮೈನೆರೆಯದ ಮಗಳನ್ನು ಕರೆದುಕೊಂಡು ಹೋದ ತಾಯಿಗೆ ಬೇಕಾದುದು ಒಂದು ಸಲ ರಕ್ತ ಕಾಣಿಸಿಕೊಳ್ಳುವುದು. ಅದಾದರೆ ಒಸಗೆ ಮಾಡಿ ಊರವರ ಬಾಯಿ ಮುಚ್ಚಿಸಬಹುದು. ಹೀಗಿರುವಲ್ಲಿ ಔಷಧದ ಅಂಗಡಿಯಲ್ಲಿಯೇ ಕೇಳಿ "ಮುಟ್ಟು ಬರಿಸುವ ಮಾತ್ರೆ"ಯನ್ನು ತಂದು ಕೊಡುವುದುಂಟು. ಗರ್ಭನಿರೋಧಕ ಮಾತ್ರೆಗಳನ್ನು ಕೊಡುವುದೂ ಉಂಟು. ಸರ್ಕಾರದವರು ಉಚಿತವಾಗಿ ಹಂಚುವ ಮಾಲಾ-ಎನ್ ಮಾತ್ರೆಯನ್ನು ಉದಾಹರಣೆಗೆ ತೆಗೆದುಕೊಳ್ಳಿರಿ. ಅದರಲ್ಲಿ ಎಥಿನೈಲ್ ಎಸ್ಟ್ರಾಡಿಯಾಲ್ ಎಂಬ ಕೃತಕ ಈಸ್ಟ್ರೋಜನ್ ೩೦ ಮೈಕ್ರೋಗ್ರಾಂ ಇದೆ. ಜೊತೆಗೆ ಪ್ರೊಜೆಸ್ಟರಾನಿನ ಜಾತಿಯ ರಸವೂ ಇದೆ. ಬೆಳವಣಿಗೆಯೇ ಆರಂಭವಾಗದ ಹುಡುಗಿಗೆ ಇದೇ ಈಸ್ಟ್ರೋಜನ್ನನ್ನು ಕೊಡಬೇಕಾದರೆ ವೈದ್ಯರು ಆರಂಭಿಸುವುದು ದಿನಕ್ಕೆ ೨ ಮೈಕ್ರೋಗ್ರಾಮಿನಿಂದ. ಹದಿನೈದು ಪಾಲನ್ನು ಒಂದೇ ಸಲ ಸುರಿದಂತಾಯಿತು. ದಾಂಪತ್ಯದಲ್ಲಿರುವ ಸ್ತ್ರೀಗೆ ಆ ಮಾತ್ರೆಯು ಒಳ್ಳೆಯದೇ ಆಗಿರಬಹುದು; ಆದರೆ ಈ ಹುಡುಗಿಯಲ್ಲಿ ರಕ್ತವು ಕಾಣಿಸಿಕೊಂಡೀತು, ಸ್ತನಗಳು ಸರಿಯಾದ ಆಕಾರಕ್ಕೆ ಬೆಳೆಯವು, ಮೂಳೆಗಳ ಎಳೆಯ ತುದಿಗಳು ಬೇಗನೆ ಬೆಸೆದುಕೊಂಡು ಎತ್ತರವು ನಿಂತುಹೋಗುವುದು. ಮನೆಯವರು ಮಾತ್ರ ಕೆಲಸವಾಯಿತೆಂದು ಔಷಧವನ್ನು ನಿಲ್ಲಿಸುವರು.

ಅರಕಲಗೂಡಿನ ಹೊಗೆಸೊಪ್ಪಿನ ರೈತರ ಮಕ್ಕಳು ನಮ್ಮಲ್ಲಿ ಅನೇಕರು ಓದಿದ್ದಾರೆ. ಒಟ್ಲುಪಾತಿಯಲ್ಲಿ ಸಸಿ ಎಬ್ಬಿಸುವಾಗ ಸಣ್ಣ ಕಣ್ಣಿನ ಹೂಜಿಯಿಂದ ಸಿಂಪಡಿಸುವರೇ ಹೊರತು ಹೇಮಾವತಿಯ ನಾಲೆಯ ತೂಬನ್ನು ಎತ್ತಿ ಪಾತಿಗೆ ಬಿಡುವುದಿಲ್ಲವೆಂದು ಅವರಿಗೆ ಹೇಳಿಕೊಡಬೇಕೇ? ಈಸ್ಟ್ರೋಜನ್ ಚಿಕಿತ್ಸೆಯೂ ಹಾಗೆಯೇ. ೧೧ ಅಥವಾ ೧೨ರ ವಯಸ್ಸಿನಲ್ಲಿ, ಅಂಡಾಶಯಗಳು ಕೆಲಸ ಮಾಡುತ್ತಿಲ್ಲವೆಂದು ಖಂಡಿತವಾದ ಮೇಲೆ, ದೊಡ್ಡ ಹೆಂಗಸಿಗೆ ಕೊಡುವುದರ ಸುಮಾರು ಎಂಟನೆಯ ಅಥವಾ ಹತ್ತನೆಯ ಒಂದು ಪಾಲಿನಿಂದ ಆರಂಭಿಸಿ, ಆರಾರು ತಿಂಗಳಿಗೆ ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ, ಎರಡು ಮೂರು ವರ್ಷಗಳಲ್ಲಿ ಪೂರ್ತಿ ಪ್ರಮಾಣಕ್ಕೆ ಬರುವರು. ಪ್ರಕೃತಿಯು ಇತರ ಹುಡುಗಿಯರಲ್ಲಿ ತಾನಾಗಿ ಮಾಡುವುದೂ ಇದನ್ನೇ. ಹಿಂದೆ ಟರ್ನರ್ ಹುಡುಗಿಯರಿಗೆ ಎತ್ತರವು ಕಡಮೆಯಾದೀತೆಂಬ ಭಯದಿಂದ ಹದಿನೈದು ಹದಿನಾರರವರೆಗೂ ಈಸ್ಟ್ರೋಜನ್ ಕೊಡದೆ ಕಾಯುತ್ತಿದ್ದರು. ಇಷ್ಟು ಸಣ್ಣ ಪ್ರಮಾಣದಿಂದ ಎತ್ತರಕ್ಕೆ ಧಕ್ಕೆಯಿಲ್ಲವೆಂದೂ, ಕಾಯುವುದರಿಂದ ಮೂಳೆಗೂ ಹುಡುಗಿಯ ಮನಸ್ಸಿಗೂ ಹಾನಿಯೆಂದೂ ತಿಳಿದುಬಂದುದರಿಂದ ಆ ಪದ್ಧತಿಯನ್ನು ಬಿಟ್ಟಿದ್ದಾರೆ. ಎತ್ತರಕ್ಕಾಗಿ ಬೆಳವಣಿಗೆಯ ಹಾರ್ಮೋನಿನ ಚುಚ್ಚುಮದ್ದು ಬೇರೆ ಇದೆ. ಅದು ಬಹಳ ವೆಚ್ಚದ್ದು, ಈಸ್ಟ್ರೋಜನ್ನಿಗಿಂತಲೂ ಮೊದಲೇ ಆರಂಭವಾಗಬೇಕಾದದ್ದು.

ಔಷಧವನ್ನು ಕೊಡುವ ಬಗೆಗಳು ಹಲವು. ಅಂಡಾಶಯವು ತಯಾರಿಸುವ ಎಸ್ಟ್ರಾಡಿಯಾಲನ್ನೇ ಚರ್ಮದ ಮೇಲೆ ಅಂಟಿಸುವ ಪಟ್ಟಿಯ ಮೂಲಕ ಕೊಡುವುದು ಎಲ್ಲಕ್ಕಿಂತ ಉತ್ತಮವೆಂದು ಈಗಿನ ತಜ್ಞರ ಅಭಿಪ್ರಾಯ. ನುಂಗಿದ ಮಾತ್ರೆಯು ಮೊದಲು ಯಕೃತ್ತಿಗೆ ಹೋಗಿ, ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ವಸ್ತುಗಳನ್ನು ಹೆಚ್ಚಿಸುವುದು. ಚರ್ಮದಿಂದ ಒಳಸೇರುವ ಔಷಧವು ಅಂಡಾಶಯದ ರಸದಂತೆ ನೇರವಾಗಿ ರಕ್ತಕ್ಕೆ ಸೇರುವುದು. ದಿನಕ್ಕೆ ೩ರಿಂದ ೭ ಮೈಕ್ರೋಗ್ರಾಂ ಒಳಸೇರುವಂತೆ ಆರಂಭ; ಇಷ್ಟು ಸಣ್ಣ ಪಟ್ಟಿಯು ದೊರೆಯದುದರಿಂದ ೨೫ರ ಪಟ್ಟಿಯನ್ನು ಕತ್ತರಿಸಿ ಕಾಲುಭಾಗವನ್ನು ಅಂಟಿಸುವರು. ಎಲ್ಲ ಜಾತಿಯ ಪಟ್ಟಿಗಳನ್ನೂ ಕತ್ತರಿಸಲಾಗದು. ಒಳಗೆ ಔಷಧದ ಚೀಲವಿರುವುದನ್ನು ಕತ್ತರಿಸಿದರೆ ಔಷಧವೆಲ್ಲ ಸೋರಿಹೋಗುವುದು. ಬೆಳೆದ ಮೇಲೆ ೫೦ರಿಂದ ೧೦೦ ಮೈಕ್ರೋಗ್ರಾಂ. ನಮ್ಮ ದೇಶದಲ್ಲಿ ಈ ಪಟ್ಟಿಗಳು ಸುಲಭವಾಗಿ ದೊರೆಯುವುದಿಲ್ಲ, ಬೆಲೆಯೂ ಹೆಚ್ಚು, ಬೇಸಿಗೆಯ ಬೆವರಿಗೆ ಕಿತ್ತುಬರುವುದೂ ಉಂಟು. ಎಸ್ಟ್ರಾಡಿಯಾಲಿನ ಲೇಪವೊಂದಿದೆ, ತೋಳಿಗೆ ಅಥವಾ ತೊಡೆಗೆ ಸವರಿ ಒಣಗಲು ಬಿಡಬೇಕು. ಅದು ಒಣಗುವ ಮುಂಚೆ ಚಿಕ್ಕ ಮಕ್ಕಳನ್ನು ಎತ್ತಿಕೊಂಡರೆ ಔಷಧವು ಅವರ ಮೈಗೆ ಹತ್ತುವುದೆಂಬುದನ್ನು ನೆನಪಿಡತಕ್ಕದ್ದು.

ನಮ್ಮ ಜಿಲ್ಲೆಯ ಹುಡುಗಿಯರಿಗೆ ಕೈಗೆಟಕುವುದು ಮಾತ್ರೆಯೇ. ಎಸ್ಟ್ರಾಡಿಯಾಲ್ ವ್ಯಾಲರೇಟ್ ಎಂಬ ಹೆಸರಿನಿಂದ ೧ ಮತ್ತು ೨ ಮಿಲಿಗ್ರಾಮಿನ ಮಾತ್ರೆಗಳು ದೊರೆಯುವುವು. ೧ ಮಿಲಿಗ್ರಾಮಿನ ಕಾಲು ಮಾತ್ರೆಯಿಂದ ಆರಂಭಿಸಿ ಕ್ರಮೇಣ ೨ ಮಿಲಿಗ್ರಾಮಿಗೆ, ಬೇಕಾದಲ್ಲಿ ಅದಕ್ಕೂ ಮೇಲಕ್ಕೆ ಏರಿಸುವರು. ಉತ್ತಮವಾದದ್ದು ಸಿಕ್ಕುವವರೆಗೆ ಎರಡು ವರ್ಷ ಕಾಯುವುದಕ್ಕಿಂತ ಸಿಕ್ಕುವ ಮಾತ್ರೆಯನ್ನು ಇಂದೇ ಕ್ರಮವಾಗಿ ತೆಗೆದುಕೊಳ್ಳುವುದು ಮೇಲೆಂದು ನನಗೆ ತೋರುವುದು. ವೈದ್ಯರೂ ಹಾಗೆಯೇ ಹೇಳುವರು. ರಕ್ತ ಹೆಪ್ಪುಗಟ್ಟುವ ಸ್ವಭಾವವಿರುವವರಿಗೂ, ಯಕೃತ್ತಿನ ದೋಷವಿರುವವರಿಗೂ, ಕಣ್ಣು ಮಿಂಚಿಬರುವ ಅರೆತಲೆನೋವಿನವರಿಗೂ ಮಾತ್ರ ಚರ್ಮದ ಮೂಲಕ ಕೊಡುವುದೇ ಕ್ಷೇಮ. ಎಥಿನೈಲ್ ಎಸ್ಟ್ರಾಡಿಯಾಲನ್ನು ೧೯೩೮ರಲ್ಲಿ ಬರ್ಲಿನ್ನಿನಲ್ಲಿ ತಯಾರಿಸಿದರು. ಬಹಳ ಕಾಲ ಹುಡುಗಿಯರಿಗೆ ಅದನ್ನೇ ಕೊಡುತ್ತಿದ್ದರು. ಯಕೃತ್ತಿನ ಮೇಲೂ ರಕ್ತದ ಒತ್ತಡದ ಮೇಲೂ ಅದರ ಪರಿಣಾಮವು ಹೆಚ್ಚಾದುದರಿಂದ ಈಗ ಹಿಂದೆ ಬಿದ್ದಿದೆ. ಗಬ್ಬದ ಕುದುರೆಗಳ ಮೂತ್ರದಿಂದ ತೆಗೆದು ೧೯೪೨ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ತಂದ ಮಾತ್ರೆಯನ್ನೂ ಹುಡುಗಿಯರಿಗೆ ಈಗ ಸಲಹೆಮಾಡುವುದಿಲ್ಲ. ಕೆಲವು ದೇಶಗಳಲ್ಲಿ ತಿಂಗಳಿಗೊಂದು ಚುಚ್ಚುಮದ್ದು ಕೊಡುವ ಪದ್ಧತಿಯೂ ಇದೆ.

ಈಸ್ಟ್ರೋಜನ್ ಒಂದನ್ನೇ ಸದಾಕಾಲವೂ ಕೊಡುತ್ತಿದ್ದರೆ ಗರ್ಭಕೋಶದ ಒಳಪದರವು ದಪ್ಪವಾಗುತ್ತ ಹೋಗಿ ಕೇಡಿಗೆ ತಿರುಗಬಹುದು. ಆದುದರಿಂದ ಸುಮಾರು ಎರಡು ವರ್ಷಗಳ ತರುವಾಯ, ಅಥವಾ ನಡುವೆ ರಕ್ತವು ಕಾಣಿಸಿಕೊಂಡರೆ ಆಗಲೇ, ಪ್ರೊಜೆಸ್ಟರಾನನ್ನು ಸೇರಿಸುವರು: ತಿಂಗಳಿಗೆ ೧೦ರಿಂದ ೧೨ ದಿವಸ, ಸಾಮಾನ್ಯವಾಗಿ ೨೦೦ ಮಿಲಿಗ್ರಾಂ, ರಾತ್ರಿ ಮಲಗುವಾಗ, ಏಕೆಂದರೆ ಅದು ನಿದ್ರೆ ತರುವುದು. ಅದನ್ನು ನಿಲ್ಲಿಸಿದ ಮೇಲೆ ಮುಟ್ಟಾಗುವುದು. ಈ ಎರಡನೆಯ ಔಷಧವನ್ನು ಬಹಳ ಬೇಗನೆ ಕೊಟ್ಟರೆ ಸ್ತನಗಳ ಬೆಳವಣಿಗೆಯು ಕೆಡುವುದು. ತಾಯಿಯು ಒಸಗೆಗೆ ಅವಸರಪಟ್ಟಾಗ ವೈದ್ಯರು ತಡೆಯುವುದು ಇದಕ್ಕಾಗಿಯೇ.

"ಎಲ್ಲಿಯವರೆಗೆ, ಮಿಸ್?" ಎಂದು ನನ್ನ ವಿದ್ಯಾರ್ಥಿನಿಯು ಕೇಳಿದಳು. ಇತರ ಹೆಂಗಸರಿಗೆ ಮುಟ್ಟು ನಿಲ್ಲುವ ವಯಸ್ಸಿನವರೆಗೆ, ಎಂದರೆ ಸುಮಾರು ಐವತ್ತರವರೆಗೆ. ಇಷ್ಟು ವರ್ಷ ಹಾರ್ಮೋನು ತಿಂದರೆ ಕ್ಯಾನ್ಸರ್ ಬಾರದೇ ಎಂದು ಅವಳ ಚಿಕ್ಕಪ್ಪನು ಪತ್ರಿಕೆಯಲ್ಲಿ ಓದಿ ಹೆದರಿಸಿದ್ದನು. ಆ ಹೆದರಿಕೆಯ ಮೂಲವು ೨೦೦೨ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಪರಿಶೋಧನೆ. ಅದರಲ್ಲಿ ಔಷಧ ಸೇವಿಸಿದವರು ೫೦ರಿಂದ ೭೯ ವಯಸ್ಸಿನವರು, ಸರಾಸರಿ ೬೩. ಪ್ರಕೃತಿಯು ನಿಲ್ಲಿಸಿದ ಮೇಲೆ ಅವರಿಗೆ ಹೆಚ್ಚಿಗೆ ಕೊಟ್ಟದ್ದಾಯಿತು. ನಮ್ಮ ಹುಡುಗಿಗೆ ಕೊಡುವುದು ಹೆಚ್ಚಿನದಲ್ಲ. ಅವಳ ಓರಗೆಯವರೆಲ್ಲರ ರಕ್ತದಲ್ಲಿ ತಾನಾಗಿ ಇರುವಷ್ಟೇ. ಆ ಲೆಕ್ಕವನ್ನು ಇವಳಿಗೆ ಹಚ್ಚುವುದು ಸರಿಯಲ್ಲ. ಹಾರ್ಮೋನಿಗೆ ಸಂಬಂಧಿಸಿದ ಕ್ಯಾನ್ಸರ್ ಬಂದುಹೋದವರ ವಿಷಯವು ಬೇರೆ. ಅವರು ತಮ್ಮ ವೈದ್ಯರಲ್ಲಿಯೇ ಕೇಳಬೇಕು.

ಮಾತ್ರೆಯಷ್ಟರಿಂದಲೇ ಎಲ್ಲವೂ ಮುಗಿಯದು. ವರ್ಷಕ್ಕೊಮ್ಮೆ ರಕ್ತದೊತ್ತಡ, ತೂಕ, ಥೈರಾಯ್ಡ್, ಸಕ್ಕರೆಗಳನ್ನು ನೋಡಿಸತಕ್ಕದ್ದು. ಮೂಳೆಯ ಸಾಂದ್ರತೆಯನ್ನು ಆಗಾಗ್ಗೆ ಅಳೆಯಿಸತಕ್ಕದ್ದು. ಟರ್ನರ್ ಹುಡುಗಿಯರು ಹೃದಯವನ್ನೂ ಮಹಾಧಮನಿಯನ್ನೂ ಕಿವಿಯನ್ನೂ ತಪ್ಪದೆ ಪರೀಕ್ಷೆಮಾಡಿಸಿಕೊಳ್ಳತಕ್ಕದ್ದು. ಆಹಾರದ ವಿಷಯದಲ್ಲಿ ನಾವು ಹಾಸನ ಸೀಮೆಯವರು ಪುಣ್ಯವಂತರು: ನೂರು ಗ್ರಾಂ ರಾಗಿಯಲ್ಲಿ ೩೦೦ ಮಿಲಿಗ್ರಾಮಿಗೂ ಮಿಗಿಲಾಗಿ ಸುಣ್ಣದ ಅಂಶವಿದೆ. ಮುದ್ದೆಯನ್ನು ಹಳ್ಳಿಯ ಊಟವೆಂದು ಬಿಟ್ಟು ಪೇಟೆಯ ಬಿಸ್ಕತ್ತಿಗೆ ಹೋಗಿರುವ ನಮ್ಮ ಬೋರ್ಡಿಂಗಿನ ಹುಡುಗಿಯರು ಇದನ್ನು ಓದಲಿ. ಬಿಸಿಲಿನಲ್ಲಿ ಓಡಾಟವೂ, ಹಗ್ಗದಾಟ ಕುಂಟೆಬಿಲ್ಲೆಗಳಂತೆ ನೆಲಕ್ಕೆ ಕಾಲು ಬಡಿಯುವ ಆಟಗಳೂ ಮೂಳೆಗೆ ಒಳ್ಳೆಯವು.

ಮಗಳಿಗೆ ಹೇಳಬೇಕೇ, ಮುಚ್ಚಿಡಬೇಕೇ ಎಂದು ಎಲ್ಲ ತಾಯಂದಿರೂ ಕೇಳುವರು. ಹೇಳಬೇಕು, ಅವಳ ವಯಸ್ಸಿಗೆ ತಕ್ಕಷ್ಟು, ಆದರೆ ಸುಳ್ಳು ಬೇಡ. "ಶಕ್ತಿಯ ಮಾತ್ರೆ" ಎಂದು ಹೇಳಿ ಕೊಟ್ಟ ಔಷಧವನ್ನು ಹುಡುಗಿಯು ಕಾಲೇಜಿಗೆ ಹೋದ ಮೇಲೆ ತನಗೆ ಸಾಕಷ್ಟು ಶಕ್ತಿಯಿದೆಯೆಂದು ಬಿಟ್ಟುಬಿಡುವಳು. ಇದನ್ನು ನಾನು ಕಂಡಿದ್ದೇನೆ. ಮದುವೆಯ ಕಾಲವು ಇನ್ನೂ ಕಠಿನವಾದುದು. ಗಂಡಿನ ಮನೆಯಲ್ಲಿ ಮಾತ್ರೆಯು ಕಣ್ಣಿಗೆ ಬೀಳಬಾರದೆಂದು ತವರಿನವರೇ ನಿಲ್ಲಿಸಿ ಕಳುಹಿಸುವರು. ಮುಟ್ಟು ನಿಂತಾಗ ಆ ಮನೆಯವರು ಮೊದಲು ಸಿಹಿ ಹಂಚಿ ಆಮೇಲೆ ಕೆರಳುವರು. ಮುಂಚೆಯೇ ತಿಳಿಸಿದರೆ ಕೆಲವು ಸಂಬಂಧಗಳು ತಪ್ಪಿಹೋಗುವುದು ನಿಜ. ತಪ್ಪಿಹೋಗುವಂಥವು ಮೊದಲೇ ತಪ್ಪಿಹೋಗುವುದು ಲೇಸೆಂದು ನನ್ನ ಅಭಿಪ್ರಾಯ. ಹೆಣ್ಣುಮಕ್ಕಳಿಲ್ಲದ ನನಗೆ ಹಾಗೆ ಹೇಳುವುದು ಸುಲಭವೆಂದು ಒಬ್ಬ ತಾಯಿಯು ನನ್ನ ಮುಖಕ್ಕೇ ಹೇಳಿದರು, ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ತಾಯ್ತನದ ವಿಷಯವಾಗಿ ಎರಡು ಮಾತು. ಅಂಡಾಶಯಗಳು ಸೋತ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು ಐವರು ತಾವಾಗಿಯೇ ಗರ್ಭ ಧರಿಸುವುದುಂಟು; ಟರ್ನರ್ ಇರುವವರಲ್ಲಿ ಅದು ಬಹಳ ಅಪರೂಪ. ಆದರೂ ಈಸ್ಟ್ರೋಜನ್ನಿನಿಂದ ಚೆನ್ನಾಗಿ ಬೆಳೆದ ಗರ್ಭಕೋಶವು ಮತ್ತೊಬ್ಬ ಸ್ತ್ರೀಯು ದಾನಮಾಡಿದ ಅಂಡದಿಂದ ಉಂಟಾದ ಶಿಶುವನ್ನು ಹೊರಬಲ್ಲದು. ನಮ್ಮ ದೇಶದಲ್ಲಿ ಇದನ್ನು ೨೦೨೧ರ ಕಾನೂನೊಂದು ನಿಯಮಿಸಿದೆ. ೨೧ ತುಂಬಿದ, ೫೦ ಮೀರದ ಸ್ತ್ರೀಯರಿಗೆ ಅವಕಾಶವಿದೆ. ಟರ್ನರ್ ಇರುವವರಿಗೆ ಬಸುರಿನಲ್ಲಿ ಮಹಾಧಮನಿಯು ಬಿರಿಯುವ ಅಪಾಯವಿರುವುದರಿಂದ ಹೃದಯದ ವೈದ್ಯರ ಒಪ್ಪಿಗೆಯಿಲ್ಲದೆ ಯಾರೂ ಇದಕ್ಕೆ ಕೈಹಾಕಬಾರದು. ಕ್ಯಾನ್ಸರ್ ಚಿಕಿತ್ಸೆಗೆ ಹೋಗುವ ಹುಡುಗಿಯ ತಾಯಿತಂದೆಗಳು, ಅಂಡಾಶಯದ ಒಂದು ತುಂಡನ್ನು ಮುಂಚಿತವಾಗಿ ತೆಗೆದು ಶೀತಲದಲ್ಲಿ ಕಾಪಾಡಿಡುವುದು ಸಾಧ್ಯವೇ ಎಂದು ಚಿಕಿತ್ಸೆಯು ಆರಂಭವಾಗುವುದಕ್ಕೆ ಮೊದಲೇ ಕೇಳತಕ್ಕದ್ದು. ಆಮೇಲೆ ಕೇಳಿ ಫಲವಿಲ್ಲ.

ನನ್ನ ವಿದ್ಯಾರ್ಥಿನಿಗೆ ಈಗ ಮೂವತ್ತೆರಡು. ಗ್ರಂಥಭಂಡಾರವೊಂದರಲ್ಲಿ ಕೆಲಸಮಾಡುತ್ತಾಳೆ, ಮಾತ್ರೆಗಳನ್ನು ಹಳೆಯ ಕಂಪಾಸ್ ಪೆಟ್ಟಿಗೆಯಲ್ಲಿಟ್ಟುಕೊಂಡು ರಾತ್ರಿ ಊಟವಾದೊಡನೆ ತೆಗೆದುಕೊಳ್ಳುತ್ತಾಳೆ. ಮೂಳೆಯ ಅಳತೆಯು ಮೊದಲಿಗಿಂತ ಮೇಲಾಗಿದೆ, ಇರಬೇಕಾದಷ್ಟಿಲ್ಲ. ಹೋದ ವರ್ಷ ಅವಳೇ ಬಂದು ನಮ್ಮ ಪಾಠಶಾಲೆಯ ಗೋಡೆಗೆ ಎತ್ತರದ ಪಟ್ಟಿಯೊಂದನ್ನು ಬಣ್ಣದಿಂದ ಬರೆಯಿಸಿಕೊಟ್ಟಳು. ಪ್ರತಿವರ್ಷವೂ ಜೂನ್ ಮತ್ತು ಜನವರಿ ತಿಂಗಳುಗಳಲ್ಲಿ ಐದನೆಯ ತರಗತಿಯಿಂದ ಮೇಲಿನ ಎಲ್ಲ ಹುಡುಗಿಯರ ಎತ್ತರವನ್ನೂ ಅಳೆದು, ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೇವೆ. ಆ ಪುಸ್ತಕವು ನನ್ನ ಕೊಠಡಿಯ ಬೀರುವಿನಲ್ಲಿದೆ. ತಾಯಂದಿರು ತಮ್ಮ ಮಗಳ ಪುಟವನ್ನು ನೋಡಬೇಕೆಂದಿದ್ದರೆ ಶನಿವಾರ ಮಧ್ಯಾಹ್ನ ಬರಬಹುದು. ಆ ಹೊತ್ತಿನಲ್ಲಿ ಗುಮಾಸ್ತೆಯು ಇರುವುದಿಲ್ಲ.